ಬಿಚ್ಚಬಾರದಿದ್ದ ಎಂಜಿನ್

ಎಂಜಿನ್ನಿನ ಹೆಡ್ ಎತ್ತಿ ಬೆಂಚಿನ ಮೇಲಿಟ್ಟು, ಮೊದಲ ಲೈನರಿನೊಳಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯೊಳಗೆ, ಟಾರ್ಚ್ ಬಿಟ್ಟೆ. ಲೈನರ್ ಹೊಸದಿದ್ದಾಗ ಉಜ್ಜಿ ಮೂಡಿಸಿದ ಹೋನಿಂಗ್ ಗೆರೆಗಳು ಓರೆಯಾಗಿ ಒಂದನ್ನೊಂದು ದಾಟಿಕೊಂಡು ಹಾಗೆಯೇ ಕಾಣುತ್ತಿದ್ದವು. ಮೇಲಿನ ಅಂಚಿನಲ್ಲಿ ಉಗುರು ಎಳೆದೆ, ಎಲ್ಲಿಯೂ ತಡೆಯಲಿಲ್ಲ, ಸವೆತವೇ ಇಲ್ಲ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಪಿಸ್ಟನ್ನುಗಳ ತಲೆ ಒಣ ಕಪ್ಪಾಗಿತ್ತು, ಅಂಚಿನಲ್ಲಿ ಎಲ್ಲಿಯೂ ಎಣ್ಣೆಯ ತೇವವಿಲ್ಲ. ಆರು ಸಿಲಿಂಡರ್ ನೋಡಿ ಮುಗಿಸುವಷ್ಟರಲ್ಲಿ ನನ್ನ ಕುತ್ತಿಗೆ ಬೆವರಿತ್ತು. ಪಿಸ್ಟನ್ನಿನ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ರಿಂಗುಗಳ ಹೊಸ ಸೆಟ್ ಪಕ್ಕದಲ್ಲೇ ಇತ್ತು. ಅದನ್ನು ತರಿಸಿದವನು ನಾನೇ.

ಗಾಡಿ ಏಳು ಲಕ್ಷ ಕಿಲೋಮೀಟರ್ ದಾಟಿತ್ತು. ಜಾಬ್ ಕಾರ್ಡಿನಲ್ಲಿ ಬರೆದಿದ್ದು ಇಷ್ಟೇ: ‘ಆಯಿಲ್ ಕುಡಿಯುತ್ತಿದೆ’. ದೂರು ಬರೆಯಲು ನಮ್ಮ ಕಾರ್ಡಿನಲ್ಲಿ ಇರುವುದೇ ಒಂದು ಸಾಲು. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್, ಯಾವಾಗಿನಿಂದ, ಹಿಂದೆ ಏನು ಕೆಲಸ ಆಗಿದೆ, ಇವಕ್ಕೆಲ್ಲ ಜಾಗವಿಲ್ಲ. ಚಾಲಕರನ್ನು ಕೇಳಿದಾಗ ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ 3 ಲೀಟರ್ ಹಾಕುತ್ತಿದ್ದೇನೆ ಎಂದರು. ಮಧ್ಯಾಹ್ನದೊಳಗೆ ಎಸ್ಟಿಮೇಟ್ ಬೇಕು ಎಂದು ಮ್ಯಾನೇಜರ್ ಆಗಲೇ ಎರಡು ಸಲ ಹೇಳಿಕಳುಹಿಸಿದ್ದರು.

ನಾನು ಏನೂ ನೋಡಲಿಲ್ಲ ಎಂದಲ್ಲ. ನೋಡಿದೆ, ಆದರೆ ನನಗೆ ಬೇಕಾದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ರಾತ್ರಿಯಿಡೀ ನಿಂತಿದ್ದ ಎಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗುಪ್ಪೆ ನೀಲಿ ಹೊಗೆ ಬಂತು. ಅರ್ಧ ನಿಮಿಷದಲ್ಲಿ ಹೋಯಿತು. ನಿಂತ ಗಾಡಿಯಲ್ಲಿ ಹೀಗೆ ಬಂದು ಹೋಗುವ ಹೊಗೆ ವಾಲ್ವ್ ಸೀಲಿನದು, ರಾತ್ರಿ ಅದರಿಂದ ಜಿನುಗಿದ ಆಯಿಲ್ ಉರಿದದ್ದು. ರಿಂಗಿನದಾದರೆ ಲೋಡಿನಲ್ಲಿ ಎಳೆಯುವಾಗಲೂ ಬಿಡದೆ ಬರುತ್ತದೆ. ಹುಡುಗರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ. ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಮಗುಚಿ, ಎಂಜಿನ್ ಓಡುತ್ತಿರುವಾಗಲೇ ಬಾಯಿಯ ಮೇಲೆ ಇಟ್ಟೆ. ರಿಂಗ್ ಹೋಗಿದ್ದರೆ ಒಳಗಿನಿಂದ ನುಗ್ಗುವ ಗಾಳಿಗೆ ಅದು ಕುಣಿಯಬೇಕು. ಕುಣಿಯಲಿಲ್ಲ, ಇಟ್ಟಲ್ಲೇ ಕೂತಿತ್ತು. ಎಂಜಿನ್ನಿನ ಒಳಗಾಳಿ ಹೊರಬರುವ ಬ್ರೀದರಿನಲ್ಲೂ ಜೋರಾದ ಗಾಳಿ ಇರಲಿಲ್ಲ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ತರುವ ಹೋಸ್ ಕಳಚಿದರೆ ಒಳಗೆ ಒಣಗಿತ್ತು. ಎಳೆತ ಹೇಗಿದೆ ಎಂದು ಕೇಳಿದ್ದಕ್ಕೆ, ಮೊದಲಿನಂತೆಯೇ ಇದೆ ಎಂದರು ಚಾಲಕರು. ಇಷ್ಟು ಸಾಕ್ಷಿ ಎದುರಿಗಿದ್ದರೂ, ಏಳು ಲಕ್ಷ ಎಂಬ ಅಂಕಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹಳೆಯ ಎಂಜಿನ್, ನೀಲಿ ಹೊಗೆ, ಆಯಿಲ್ ಹೋಗುತ್ತಿದೆ ಎಂದರೆ ರಿಂಗ್. ಎಸ್ಟಿಮೇಟಿನಲ್ಲಿ ಹಾಗೆಯೇ ಬರೆದೆ.

ಬ್ರೇಕಿಗೆ ಬೇಕಾದ ಗಾಳಿ ತುಂಬಿಡುವ ಏರ್ ಟ್ಯಾಂಕಿನ ಬಗ್ಗೆ ಚಾಲಕರು ಇನ್ನೊಂದು ಮಾತು ಹೇಳಿದ್ದರು. “ಮೇಸ್ತ್ರಿ, ಸಂಜೆ ಏರ್ ಟ್ಯಾಂಕಿನ ನೀರು ಬಿಟ್ಟಾಗ ಕೈಗೆ ಜಿಡ್ಡು ಹತ್ತುತ್ತದೆ.” ನಾನು ಕೆಲಸ ನಿಲ್ಲಿಸದೆಯೇ, “ಹಳೆಯ ಗಾಡಿ ಅಣ್ಣ, ಅಷ್ಟಿಷ್ಟು ಇದ್ದೇ ಇರುತ್ತದೆ” ಎಂದೆ. ಅವರು ಮತ್ತೆ ಹೇಳಲಿಲ್ಲ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವರು. ನನ್ನ ಉತ್ತರದ ಧಾಟಿ ಅವರಿಗೆ ಅರ್ಥವಾಗಿರಬೇಕು.

ಇನ್ನೊಂದು ಸಾಕ್ಷಿಯನ್ನು ನಾವೇ ತೊಳೆದುಹಾಕಿದ್ದೆವು. ಯಾವ ಗಾಡಿಯೂ ಪ್ರೆಷರ್ ವಾಶ್ ಆಗದೆ ರಿಪೇರಿ ಬೇ ಒಳಗೆ ಬರಬಾರದು ಎಂಬುದು ನಮ್ಮಲ್ಲಿಯ ನಿಯಮ. ನೆಲ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆಯಿಲ್ ಎಲ್ಲಿಂದ ಹೊರಟು ಎಲ್ಲಿಗೆ ಹರಿದಿದೆ ಎಂದು ಹೇಳುವ ಕೊಳೆ ಗಟಾರಕ್ಕೆ ಹೋಗುತ್ತದೆ. ನನ್ನ ಮುಂದೆ ನಿಂತಿದ್ದು ಹೊಳೆಯುವ ಎಂಜಿನ್ ಮತ್ತು ಹೊಳೆಯುವ ಛಾಸಿ. ಸೋರಿಕೆ ಇಲ್ಲ ಎಂದು ಬರೆದುಬಿಟ್ಟೆ.

ಮತ್ತೆ ಆ ಲೈನರುಗಳಿಗೆ ಬರುತ್ತೇನೆ. ಅಲ್ಲಿ ಐದು ನಿಮಿಷ ಸುಮ್ಮನೆ ನಿಂತಿದ್ದೆ. ಆಗಲೇ ಕೈ ತೊಳೆದುಕೊಂಡು ಮೇಲೆ ಹೋಗಿ, ‘ಸರ್, ರಿಂಗ್ ಅಲ್ಲ, ನನ್ನ ಲೆಕ್ಕ ತಪ್ಪಿದೆ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆಡ್ ಇಳಿಸಿ ಆಗಿದೆ, ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಕಳಚಿ ಆಗಿದೆ, ಸಾಮಾನು ಬಂದಿದೆ. ನಾನು ರಿಂಗ್ ಹಾಕಿದೆ. ಹೆಡ್ ಹೇಗೂ ಇಳಿದಿತ್ತೆಂದು ವಾಲ್ವ್ ಸೀಲುಗಳನ್ನೂ ಬದಲಿಸಿದೆ. ಮ್ಯಾನೇಜರ್ ಬಂದು ಕೇಳಿದಾಗ “ರಿಂಗ್ ಸವೆದಿತ್ತು” ಎಂದೆ. ಇಡೀ ಪ್ರಸಂಗದಲ್ಲಿ ಈಗಲೂ ಚುಚ್ಚುವುದು ಆ ಎರಡು ಪದ.

ಮರುದಿನ ಬೆಳಿಗ್ಗೆ ನೀಲಿ ಹೊಗೆ ಇರಲಿಲ್ಲ. ಸೀಲು ಬದಲಿಸಿದ್ದರಿಂದ ನಿಂತ ಹೊಗೆಯನ್ನು ರಿಂಗಿನ ಗೆಲುವೆಂದು ನಾನೇ ನಂಬಿದೆ. ಹತ್ತು ದಿನಕ್ಕೆ ಚಾಲಕರು ಫೋನ್ ಮಾಡಿ ಆಯಿಲ್ ಇನ್ನೂ ಇಳಿಯುತ್ತಿದೆ ಎಂದಾಗ, “ಹೊಸ ರಿಂಗ್ ಕೂರುವವರೆಗೆ ಸ್ವಲ್ಪ ಕುಡಿಯುತ್ತದೆ, ಓಡಿಸಿ” ಎಂದೆ. ಮಾತು ಸುಳ್ಳಲ್ಲ, ಹೊಸ ರಿಂಗ್ ಲೈನರಿಗೆ ಹೊಂದಿಕೊಳ್ಳಲು ಒಂದಷ್ಟು ಓಟ ಬೇಕೇ ಬೇಕು. ನಾನು ಅದನ್ನು ಅಡಗಿಕೊಳ್ಳಲು ಬಳಸಿದೆ ಎಂಬುದೇ ತಪ್ಪು. ಹೀಗೆ ಮೂರು ವಾರ ಕಳೆಯಿತು.

ಗಾಡಿ ಮತ್ತೆ ಬಂದದ್ದು ಭಾನುವಾರ. ವಾಶಿಂಗಿನ ಹುಡುಗ ರಜೆ. ಗಾಡಿ ತೊಳೆಯದೆಯೇ ಒಳಗೆ ಬಂತು. ಕೆಳಗೆ ಮಲಗಿ ಟಾರ್ಚ್ ಹಾಕಿದವನಿಗೆ ಎಂಜಿನ್ ಒಣಗಿರುವುದು ಕಂಡಿತು. ಆದರೆ ಛಾಸಿಯ ಮೇಲೆ, ಏರ್ ಟ್ಯಾಂಕ್ ತುಂಬಿದಾಗ ಹೆಚ್ಚಿನ ಗಾಳಿಯನ್ನು ಹೊರಬಿಡುವ ಅನ್‌ಲೋಡರ್ ವಾಲ್ವಿನ ಸುತ್ತ, ಎರಡು ಕೈ ಅಗಲಕ್ಕೆ ಕಪ್ಪು ಮೆತ್ತಿಕೊಂಡಿತ್ತು. ಬೆರಳಿನಿಂದ ಕೆರೆದರೆ ಧೂಳು ಕಲಸಿದ ಎಂಜಿನ್ ಆಯಿಲ್, ಬೆಣ್ಣೆಯಷ್ಟು ದಪ್ಪ.

ಎದ್ದು ಬಂದು ಚಕ್ರಗಳಿಗೆ ಅಡ್ಡ ಕೊಟ್ಟು, ಮೊದಲ ಏರ್ ಟ್ಯಾಂಕಿನ ಡ್ರೈನ್ ಕಾಕ್ ತಿರುವಿದೆ. ಮೊದಲು ಬರೀ ಗಾಳಿ. ಆಮೇಲೆ ಕೆಮ್ಮಿದಂತೆ ಸದ್ದಾಗಿ, ಕಾಫಿ ಬಣ್ಣದ ನೊರೆ ತಟ್ಟೆಗೆ ಬಿತ್ತು. ನಿಲ್ಲಲಿಲ್ಲ. ತಟ್ಟೆ ಅರ್ಧ ತುಂಬಿತು. ಚಾಲಕರು ಪಕ್ಕದಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಆ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರಿನ ಡೆಲಿವರಿ ಪೈಪ್ ಕಳಚಿ, ಎಂಜಿನ್ ಐಡಲಿನಲ್ಲಿ ಬಿಟ್ಟು, ಬಾಯಿಗೆ ಒಂದಡಿ ದೂರದಲ್ಲಿ ಇಕ್ಕಳದಿಂದ ಬಿಳಿ ರಟ್ಟು ಹಿಡಿದೆ. ಅಲ್ಲಿಂದ ಬರುವ ಗಾಳಿ ಕೈ ಸುಡುವಷ್ಟು ಬಿಸಿ. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಹತ್ತು ಎನ್ನುವುದರೊಳಗೆ ರಟ್ಟಿನ ಮೇಲೆ ಚುಕ್ಕಿಗಳು ಮೂಡಿ, ಒಂದಕ್ಕೊಂದು ಸೇರಿ, ಕೆಳಗೆ ಹರಿದವು.

ಕಂಪ್ರೆಸರಿಗೆ ಆಯಿಲ್ ಹೋಗುವುದು ಎಂಜಿನ್ನಿನ ಆಯಿಲ್ ದಾರಿಯಾದ ಗ್ಯಾಲರಿಯಿಂದಲೇ, ಮರಳಿ ಬರಬೇಕಾದದ್ದೂ ಚೇಂಬರಿಗೇ. ಅದರ ರಿಂಗ್ ಸವೆದರೆ ಆಯಿಲ್ ಗಾಳಿಯ ಜೊತೆ ಟ್ಯಾಂಕಿಗೆ ಹೋಗುತ್ತದೆ. ಸೈಲೆನ್ಸರಿನಲ್ಲಿ ಹೊಗೆಯಾಗಿ ಕಾಣುವುದೇ ಇಲ್ಲ. ಕಂಪ್ರೆಸರಿನ ಹೆಡ್ ಬಿಚ್ಚಿದಾಗ ಅದರ ಬೋರಿನಲ್ಲಿ ಉದ್ದುದ್ದ ಗೀರುಗಳಿದ್ದವು. ಡೆಲಿವರಿ ಪೈಪಿನಲ್ಲಿ ಕಾರ್ಬನ್ ಕಟ್ಟಿ ದಾರಿ ಕಿರುಬೆರಳಿನಷ್ಟಾಗಿತ್ತು. ಅದಕ್ಕೂ ಹಿಂದಿನ ಕಾರಣ ಹಿಂಬದಿಯ ಏರ್ ಲೈನಿನ ಒಂದು ಜಾಯಿಂಟ್. ಗಾಳಿ ಸೋರುತ್ತಿದ್ದುದರಿಂದ ಅನ್‌ಲೋಡರ್ ಬಿಟ್ಟ ಸ್ವಲ್ಪ ಹೊತ್ತಿಗೇ ಒತ್ತಡ ಇಳಿದು, ಕಂಪ್ರೆಸರ್ ಮತ್ತೆ ತುಂಬಬೇಕು. ಆರಲು ಪುರುಸೊತ್ತೇ ಇರಲಿಲ್ಲ. ಪ್ರತಿ ಸಲ ಅನ್‌ಲೋಡರ್ ಬಿಟ್ಟಾಗಲೂ ಒಂದಿಷ್ಟು ಆಯಿಲ್ ರಸ್ತೆಗೆ.

ಕಂಪ್ರೆಸರ್, ಡೆಲಿವರಿ ಪೈಪ್, ಜಾಯಿಂಟ್ ಬದಲಾದವು. ಟ್ಯಾಂಕುಗಳನ್ನು ಇಳಿಸಿ ತೊಳೆದೆವು, ಬ್ರೇಕ್ ವಾಲ್ವುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು. ಒಂದರಲ್ಲಿ ಆ ನೊರೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನ್ನ ಎದೆ ಝಲ್ಲೆಂದಿತು. ರಿಂಗ್ ಕೂರಲಿ ಎಂದು ನಾನು ಕಾಯಿಸಿದ ಮೂರು ವಾರವೂ ಆ ಮನುಷ್ಯ ಲೋಡ್ ಹೊತ್ತು ಇಳಿಜಾರು ಇಳಿದಿದ್ದರು, ಈ ಬ್ರೇಕನ್ನು ನಂಬಿಕೊಂಡು. ಅಂದೇ ಸಂಜೆ ಮ್ಯಾನೇಜರ್ ಬಳಿ ಹೋಗಿ, ಹಿಂದೆ ಹೇಳಿದ್ದು ಸರಿಯಲ್ಲ, ರಿಂಗ್ ಸವೆದಿರಲಿಲ್ಲ ಎಂದು ಹೇಳಿದೆ. ಅವರು ಬೈದರು. ಚಾಲಕರ ಬಳಿಯೂ ಹೇಳಿದೆ. ಅವರು “ಆಯಿತು ಬಿಡಿ ಮೇಸ್ತ್ರಿ” ಎಂದರು. ಬೈಗುಳಕ್ಕಿಂತ ಅದು ಭಾರವಾಗಿತ್ತು.

ಮುಂದಿನ 3000 ಕಿಲೋಮೀಟರಿಗೆ ಅವರು ಹಾಕಿದ್ದು ಒಂದು ಲೀಟರ್. ದಿನಾಂಕ, ಕಿಲೋಮೀಟರ್, ಹಾಕಿದ ಆಯಿಲ್, ಮೂರನ್ನೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ತಂದು ತೋರಿಸಿದರು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಯಿಲ್ ಇಳಿಯಲು ಬಿಟ್ಟು, ಪ್ರತಿ ಸಲವೂ ಒಂದೇ ರೀತಿಯಲ್ಲಿ ಗೇಜ್ ನೋಡಿದ್ದರು. ಅಂಥ ಪುಸ್ತಕ ಇಲ್ಲದ ಆಯಿಲ್ ದೂರಿಗೆ ನಾನೀಗ ಪಾನಾ ಮುಟ್ಟುವುದಿಲ್ಲ. ಸಾವಿರ ಕಿಲೋಮೀಟರ್ ಬರೆದುಕೊಂಡು ಬನ್ನಿ ಎಂದು ಕಳುಹಿಸುತ್ತೇನೆ. ಕಳುಹಿಸುವ ಮೊದಲು ಡ್ರೈನ್ ಕಾಕ್ ಮಾತ್ರ ನಾನೇ ತಿರುವಿ ನೋಡುತ್ತೇನೆ.

ತೊಳೆಯುವ ನಿಯಮವನ್ನು ಆಡಳಿತ ಇನ್ನೂ ಬದಲಿಸಿಲ್ಲ. ಎರಡು ಸಲ ಬರೆದುಕೊಟ್ಟಿದ್ದೇನೆ, ಮೂರನೆಯ ಸಲವೂ ಬರೆಯುತ್ತೇನೆ. ಅಲ್ಲಿಯವರೆಗೆ, ಆಯಿಲ್ ಕುಡಿಯುವ ಗಾಡಿ ಬಂದಿದೆ ಎಂದು ಗೇಟಿನವರು ಕೂಗಿದರೆ, ವಾಶಿಂಗಿನ ಹುಡುಗ ಪೈಪ್ ಬಿಚ್ಚುವ ಮೊದಲೇ ಟಾರ್ಚ್ ಹಿಡಿದು ಓಡಿಹೋಗಿ ಗಾಡಿಯ ಕೆಳಗೆ ಮಲಗುತ್ತೇನೆ.