ಪಿಯಾನೋ ಸರಿ, ಹಗಲು ಏನ್ ಕೆಲಸ?

ಕಳೆದ ತಿಂಗಳು ಮೈಸೂರಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಚಿಕ್ಕಮ್ಮ ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು. "ಅಲ್ಲ ಕಣೋ, ಸಂಜೆ ಹೊತ್ತು ಪಿಯಾನೋ ನುಡಿಸ್ತೀಯ, ಅದು ಸರಿ. ಹಗಲು ಏನ್ ಕೆಲಸ ಮಾಡ್ತೀಯ?"

ಇದನ್ನೇ ಆಟೋದವರು ಕೇಳಿದ್ದಾರೆ, ಮನೆ ಓನರ್ ಕೇಳಿದ್ದಾರೆ, ಪಾಠಕ್ಕೆ ಬರುವ ಮಕ್ಕಳ ಅಪ್ಪಂದಿರೂ ಕೇಳಿದ್ದಾರೆ. ನುಡಿಸುವುದು ಜಾಝ್ ಅಂತ ಗೊತ್ತಾದ ಮೇಲಂತೂ ಇನ್ನೊಂದು ಸಲ, ಸ್ವಲ್ಪ ಕನಿಕರದಿಂದ ಕೇಳುತ್ತಾರೆ. 18 ವರ್ಷದಿಂದ ನಕ್ಕು ಜಾರಿಕೊಂಡಿದ್ದೇನೆ. ಈ ಸಲ ಪೂರ್ತಿ ಉತ್ತರ ಬರೆದುಬಿಡುತ್ತೇನೆ.

ಹಗಲು ಪಾಠ ಹೇಳುತ್ತೇನೆ ಚಿಕ್ಕಮ್ಮ. ನನ್ನ ಕೈಗೆ ಬರುವ ಪ್ರತಿ ನೂರು ರೂಪಾಯಿಯಲ್ಲಿ ಅರವತ್ತೈದು ಪಾಠದ್ದು. ಇಪ್ಪತ್ತೈದು ರಾತ್ರಿಯ ಗಿಗ್‌ಗಳದ್ದು, ಅಂದರೆ ದುಡ್ಡಿಗೆ ನುಡಿಸುವ ಕಾರ್ಯಕ್ರಮಗಳದ್ದು. ಉಳಿದ ಹತ್ತು ರೂಪಾಯಿ ಮದುವೆ ರಿಸೆಪ್ಷನ್, ಜಾಹೀರಾತಿನ ಸಂಗೀತ, ಅಲ್ಲಿ ಇಲ್ಲಿ ರೆಕಾರ್ಡಿಂಗ್. ಬ್ಯಾಂಕಿನ ಫಾರಂನಲ್ಲಿ ವೃತ್ತಿ ಅನ್ನುವ ಕಡೆ ಒಂದು ಸಲ "ಸಂಗೀತಗಾರ" ಅಂತ ಬರೆದು ನೋಡಿದೆ. ಸಾಲ ಕೊಡುವವರು ಕನ್ನಡಕ ಸರಿಮಾಡಿಕೊಂಡರು. ಮುಂದಿನ ಸಲ "ಶಿಕ್ಷಕ" ಅಂತ ಬರೆದೆ. ಕಾಫಿ ತರಿಸಿದರು.

ವಾರಕ್ಕೆ ಎರಡು ಗಿಗ್. ಒಂದೊಂದರಲ್ಲಿ 45 ನಿಮಿಷದ ಮೂರು ಸೆಟ್, ಅಂದರೆ ಎರಡೂಕಾಲು ಗಂಟೆ ವಾದನ. ಅದಕ್ಕೆ ಮನೆಯಿಂದ ನಾಲ್ಕೂವರೆಗೆ ಹೊರಡಬೇಕು, ಬೆಂಗಳೂರಲ್ಲಿ ಸಂಜೆ ಐದರ ಮೇಲೆ ಯಾವ ರಸ್ತೆಯನ್ನೂ ನಂಬುವ ಹಾಗಿಲ್ಲ. ವಾಪಸ್ ಬಂದು ಮಲಗುವಾಗ ರಾತ್ರಿ ಒಂದು. 12 ಕೆಜಿಯ ಡಿಜಿಟಲ್ ಪಿಯಾನೋ, ಸ್ಟ್ಯಾಂಡು, ಪೆಡಲ್ಲು, ವೈರಿನ ಚೀಲ, ಎಲ್ಲ ನಾನೇ ಹೊರಬೇಕು. ಗಿಟಾರಿನವರು ಹೆಗಲಿಗೆ ಏರಿಸಿಕೊಂಡು ಮೆಟ್ರೋದಲ್ಲಿ ಬರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೆಲವು ದೊಡ್ಡ ಹೋಟೆಲುಗಳ ಲಾಬಿಯಲ್ಲಿ ನಿಜವಾದ ಗ್ರ್ಯಾಂಡ್ ಪಿಯಾನೋ ಇರುತ್ತದೆ. ನೋಡಿ ಖುಷಿಪಡಬಾರದು. ಒಂದು ಕಡೆ ಮುಚ್ಚಳದ ಮೇಲೆ ನೀರು ತುಂಬಿದ ಹೂದಾನಿ ಇಟ್ಟಿದ್ದರು. ಮಳೆಗಾಲ ಬೇರೆ. ತೇವಕ್ಕೆ ಮರ ಉಬ್ಬಿ, ಮಧ್ಯದ ಎರಡು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ. ಎರಡು ತಿಂಗಳು ಆ ಎರಡು ಸ್ವರ ಬಿಟ್ಟು ನುಡಿಸಿದೆ, ಯಾರಿಗೂ ಗೊತ್ತಾಗಲಿಲ್ಲ. ದುಡ್ಡು ಬಂದಿದ್ದು ನಾಲ್ಕು ತಿಂಗಳಾದ ಮೇಲೆ, ಅದೂ ದಿನಾ ಫೋನ್ ಮಾಡಿ ಮಾಡಿ.

ರಿಸೆಪ್ಷನ್ ಬಗ್ಗೆ ನನಗೆ ತಕರಾರಿಲ್ಲ. "ಒಂದು ಅಣ್ಣಾವ್ರ ಹಾಡು ಹಾಕಿ ಸಾರ್" ಅನ್ನುತ್ತಾರೆ, ನುಡಿಸುತ್ತೇನೆ. ರಾಜನ್–ನಾಗೇಂದ್ರ ಅವರ ರಾಗಗಳು ಜಾಝ್ ಕಾರ್ಡ್‌ಗಳ ಮೇಲೆ ಎಷ್ಟು ಹಾಯಾಗಿ ಕೂರುತ್ತವೆ ಅಂದರೆ, ಪಕ್ಕದ ಡ್ರಮ್ಮರ್‌ಗೆ ಅದು ಯಾವುದೋ ಅಮೆರಿಕದ ಹಳೇ ಹಾಡು ಅನ್ನಿಸಿತ್ತು. (ಕಾರ್ಡ್ ಅಂದರೆ ಎಟಿಎಂನದ್ದಲ್ಲ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುವ ಗೊಂಚಲು.)

ನಮ್ಮ ಕಡೆ ಪಿಯಾನೋ ಕಲಿತು, ಹೊಟ್ಟೆಪಾಡಿನ ಪ್ರಶ್ನೆ ಎದುರಿಸದೆ ಇದ್ದವರು ಜಯಚಾಮರಾಜ ಒಡೆಯರ್ ಒಬ್ಬರೇ ಇರಬೇಕು. ಪಾಶ್ಚಾತ್ಯ ಸಂಗೀತವನ್ನು ಗಟ್ಟಿಯಾಗಿ ಕಲಿತವರು. ರಷ್ಯಾ ಮೂಲದ ಸಂಗೀತ ರಚನಕಾರ ಮೆಡ್ಟ್ನರ್ ವಯಸ್ಸಾಗಿ ಲಂಡನ್ನಿನಲ್ಲಿದ್ದಾಗ ಅವರ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟಿದ್ದು ನಮ್ಮ ಮೈಸೂರು ಮಹಾರಾಜರು. ಮಹಾರಾಜರಿಗೆ ಯಾವ ಚಿಕ್ಕಮ್ಮ ತಾನೇ ಕೇಳುತ್ತಾರೆ, ಹಗಲು ಏನ್ ಕೆಲಸ ಅಂತ?

ಮಿಕ್ಕವರಿಗೆ ಬಾಡಿಗೆ ಇದ್ದೇ ಇರುತ್ತದೆ. ಬಾಡಿಗೆಗೂ ಜಾಝ್ ಪಿಯಾನೋಗೂ ಹಳೇ ನಂಟು. 1920ರ ದಶಕದ ನ್ಯೂಯಾರ್ಕಿನಲ್ಲಿ ಕಪ್ಪು ಜನ ಹೆಚ್ಚಾಗಿದ್ದ ಹಾರ್ಲೆಂನಲ್ಲಿ ಮನೆ ಬಾಡಿಗೆ ವಿಪರೀತ. ತಿಂಗಳ ಕೊನೆಗೆ ದುಡ್ಡು ಸಾಲದವರು ಮನೆಯಲ್ಲೇ ಪಾರ್ಟಿ ಇಡುತ್ತಿದ್ದರು. ಬಾಗಿಲಲ್ಲಿ ಚಿಲ್ಲರೆ ಕೊಟ್ಟು ಒಳಗೆ ಹೋಗಬೇಕು. ಒಳಗೆ ಊಟ, ಕುಡಿತ, ಕುಣಿತ, ಜೊತೆಗೆ ಒಬ್ಬ ಪಿಯಾನೋದವನು. ಎಷ್ಟೋ ಸಲ ಡ್ರಮ್ಸ್ ಇಲ್ಲ, ಕೆಳಗಿನ ದಪ್ಪ ಸ್ವರ ನುಡಿಸುವ ಬೇಸ್ ವಾದ್ಯ ಇಲ್ಲ, ಅವನ ಎಡಗೈಯೇ ಅವೆರಡೂ. ಕೆಳಗೆ ದಪ್ಪ ಸ್ವರ ಒಂದು, ಅಲ್ಲಿಂದ ಮೇಲಕ್ಕೆ ಹಾರಿ ಒಂದು ಕಾರ್ಡ್, ಮತ್ತೆ ಕೆಳಗೆ. ಎಡಗೈ ಹೀಗೆ ದೊಡ್ಡ ಹೆಜ್ಜೆ ಹಾಕುವುದರಿಂದ ಇದಕ್ಕೆ ಸ್ಟ್ರೈಡ್ ಅಂತ ಹೆಸರು. ಅದರಲ್ಲಿ ದೊಡ್ಡ ಕೈ ಜೇಮ್ಸ್ ಪಿ. ಜಾನ್ಸನ್. ಅವರು ಹುಡುಗನೊಬ್ಬನನ್ನು ಕೂರಿಸಿಕೊಂಡು ಪಾಠ ಹೇಳಿದರು, ಆ ಹುಡುಗ ಮುಂದೆ ಹೆಸರಾಂತ ಪಿಯಾನೋ ವಾದಕ ಫ್ಯಾಟ್ಸ್ ವಾಲರ್ ಆದ.

ಪಾಠ ಅಂದರೆ ಗಿಗ್ ಸಿಗದವರ ಕೆಲಸ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು ಜಾಝ್ ಪಿಯಾನೋ ವಾದಕ ಬ್ಯಾರಿ ಹ್ಯಾರಿಸ್ ಪಾಠ ಮಾಡುವ ವಿಡಿಯೋಗಳು. 1929ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು. ದೊಡ್ಡ ದೊಡ್ಡವರ ಜೊತೆ ನುಡಿಸಿದವರು. ನ್ಯೂಯಾರ್ಕಿನಲ್ಲಿ 1982ರಿಂದ 1987ರವರೆಗೆ ಜಾಝ್ ಕಲ್ಚರಲ್ ಥಿಯೇಟರ್ ಅಂತ ಒಂದು ಜಾಗ ನಡೆಸಿದರು, ಅಲ್ಲೇ ಕಛೇರಿ, ಅಲ್ಲೇ ಪಾಠ. ಆ ಜಾಗ ಮುಚ್ಚಿದ ಮೇಲೂ ಪಾಠ ನಿಲ್ಲಲಿಲ್ಲ. ನಿನ್ನೆ ಶುರುಮಾಡಿದವರು, ನಲವತ್ತು ವರ್ಷ ನುಡಿಸಿದವರು, ಎಲ್ಲ ಒಂದೇ ಪಿಯಾನೋ ಸುತ್ತ. ಕೋವಿಡ್ ಬಂದಾಗ ತೊಂಬತ್ತು ದಾಟಿದ್ದ ಮುದುಕ ಜೂಮ್‌ನಲ್ಲಿ ಪಾಠ ಶುರು ಮಾಡಿದರು. 2021ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ 92 ತುಂಬಲು ಒಂದು ವಾರ ಬಾಕಿ ಇತ್ತು.

ನನ್ನ ಹತ್ತಿರ ಈಗ 17 ಜನ ಕಲಿಯುತ್ತಾರೆ. ಹೆಚ್ಚಿನವರು ಮಕ್ಕಳು. ಅವರ ಮನೆಯವರಿಗೆ ಲಂಡನ್ ಬೋರ್ಡುಗಳು ನಡೆಸುವ ಸಂಗೀತ ಪರೀಕ್ಷೆಯ ಎಂಟು ಗ್ರೇಡ್ ಮುಖ್ಯ. "ನಮ್ಮ ಮಗಳು ಯಾವಾಗ ಐದನೇ ಗ್ರೇಡ್ ಬರೀಬಹುದು?" ಸ್ವಂತವಾಗಿ ನಾಲ್ಕು ಸಾಲು ನುಡಿಸುವುದಕ್ಕೆ ಸರ್ಟಿಫಿಕೇಟ್ ಬೇಡ ಅಂತ ಹೇಳಿ ನೋಡಿದ್ದೇನೆ. ಹೇಳಿದ ತಿಂಗಳು ಇಬ್ಬರು ಬಿಟ್ಟುಹೋದರು. ಈಗ ಗ್ರೇಡೂ ಮಾಡಿಸುತ್ತೇನೆ, ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿಸುತ್ತೇನೆ.

ನ್ಯೂಜೆರ್ಸಿಯಲ್ಲಿ ಒಂದು ಕನ್ನಡದ ಹುಡುಗಿ ಇದ್ದಾಳೆ. ನನಗೆ ಬೆಳಗ್ಗೆ ಆರೂವರೆ, ಅವಳಿಗೆ ಹಿಂದಿನ ರಾತ್ರಿ. ಆನ್‌ಲೈನಲ್ಲಿ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ದನಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ತಾಳ ಕೈತಪ್ಪುತ್ತದೆ. ಹಾಗಾಗಿ ನಾನು ನಾಲ್ಕು ಆವರ್ತ ನುಡಿಸಿ ನಿಲ್ಲಿಸುತ್ತೇನೆ, ಅವಳು ಉತ್ತರ ಕೊಡುತ್ತಾಳೆ. ಜಾಝ್ ಬಿಟ್ಟು, ಅವಳ ಅಜ್ಜಿ ಮನೆ ಬೆಕ್ಕಿನ ಸುದ್ದಿಗೇ ಅರ್ಧ ಕ್ಲಾಸ್ ಹೋಗುವುದೂ ಉಂಟು.

ನಿಜವಾಗಿ ಹೇಳಬೇಕಾದ್ದು ಮಂಗಳವಾರದ ಶಿಷ್ಯೆಯ ವಿಷಯ. ವಯಸ್ಸು 62, ರಿಟೈರ್ಡ್ ಲೆಕ್ಕದ ಟೀಚರ್, ಮೂವತ್ತು ವರ್ಷ ವೀಣೆ ನುಡಿಸಿದವರು. ನಾನು ವೀಣೆ ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ.

ಒಂದು ದಿನ ಅವರಿಗೆ ಜಾಝ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಬರುವ ಮೂರು ಕಾರ್ಡ್‌ಗಳ ಸಾಲು ಹೇಳಿಕೊಡುತ್ತಿದ್ದೆ. ಎಲ್ಲ ಶಂಕರಾಭರಣದ ಸ್ವರಗಳೇ. ಮೊದಲನೆಯದು ರಿ ಮ ದ ಸ. ಆಮೇಲೆ ಪ ನಿ ರಿ ಮ. ಕೊನೆಗೆ ಸ ಗ ಪ ನಿ. "ಅಷ್ಟೂ ಬೇಡ ಮೇಡಂ, ಎಡಗೈಗೆ ಎರಡೆರಡು ಸಾಕು" ಅಂದು ತೋರಿಸಿದೆ. ಮ–ಸ. ಮ–ನಿ. ಗ–ನಿ. ಮೊದಲು ಮೇಲಿನ ಬೆರಳು ಪಕ್ಕದ ಕೀಗೆ ಇಳಿಯುತ್ತದೆ, ಆಮೇಲೆ ಕೆಳಗಿನ ಬೆರಳು. ಕೈ ಅಲ್ಲಾಡುವುದೇ ಇಲ್ಲ, ಕಿವಿಗೆ ಮಾತ್ರ ಮೂರೂ ಕಾರ್ಡ್ ಪೂರ್ತಿ ಕೇಳಿಸುತ್ತವೆ. ಇದನ್ನು ತೋರಿಸಿದಾಗ ಎಲ್ಲರೂ "ಓ" ಅನ್ನುತ್ತಾರೆ.

ಮೇಡಂ ಅನ್ನಲಿಲ್ಲ. ಕನ್ನಡಕದ ಮೇಲಿಂದ ನೋಡಿದರು.

"ಮೊದಲನೇದಕ್ಕೆ ಆಧಾರ ರಿ, ಎರಡನೇದಕ್ಕೆ ಪ, ಮೂರನೇದಕ್ಕೆ ಸ. ಮೂರನ್ನೂ ಬಿಟ್ರಲ್ಲ ಮೇಷ್ಟ್ರೇ?"

"ಅದನ್ನ ಬೇಸ್‌ನವನು ನುಡಿಸ್ತಾನೆ ಮೇಡಂ."

"ನಮ್ಮನೇಲಿ ಬೇಸ್‌ನವನು ಎಲ್ಲಿದಾನೆ?"

ನಗು ಬಂತು. ಬ್ಯಾಂಡ್ ಇದ್ದಾಗ ಹೀಗೆ, ಒಬ್ಬರೇ ಇದ್ದಾಗ ಬೇರೆ ಥರ ಅಂತ ಏನೋ ಹೇಳಿ ಮುಂದೆ ಹೋದೆ. ಆ ಬೇರೆ ಥರ ಯಾವುದು ಅಂತ ಅವರು ಕೇಳುವಷ್ಟರಲ್ಲಿ ಟೈಮ್ ಆಯಿತು.

ಅದೇ ಶುಕ್ರವಾರ ವೈಟ್‌ಫೀಲ್ಡ್ ಕಡೆ ಗಿಗ್. ಸಂಜೆ ಜೋರು ಮಳೆ. ನಮ್ಮ ಬೇಸ್‌ನವನು ಔಟರ್ ರಿಂಗ್ ರೋಡಲ್ಲಿ ನೀರಿನ ಮಧ್ಯೆ ಸಿಕ್ಕಿಕೊಂಡು ಫೋನ್ ಮಾಡಿದ. "ನೀವು ಶುರು ಮಾಡಿ ಗುರು, ನಾನು ಬಂದು ಸೇರ್ಕೋತೀನಿ." ಎಂಟೂವರೆಗೆ ನಾನೂ ಡ್ರಮ್ಮರೂ ಶುರು ಮಾಡಿದೆವು.

ಮ–ಸ, ಮ–ನಿ, ಗ–ನಿ. ಎಡಗೈ ಅಭ್ಯಾಸಬಲದಿಂದ ತನ್ನ ಪಾಡಿಗೆ ಹೋಗುತ್ತಿತ್ತು. ಎಂಟು ಆವರ್ತ ಆಗುವಷ್ಟರಲ್ಲಿ ಬೆವರು. ಉಪ್ಪು ಮರೆತ ಸಾರಿನ ಹಾಗೆ, ಇಂಗು ಬೇವು ಎಲ್ಲ ಇದೆ, ಬಾಯಿಗಿಡುವ ಹಾಗಿಲ್ಲ. ಡ್ರಮ್ಮರ್ ನನ್ನ ಮುಖ ನೋಡಿದ. ನನಗೆ ಕಂಡಿದ್ದು ಕನ್ನಡಕದ ಮೇಲಿನ ಎರಡು ಕಣ್ಣು.

ಕಿರುಬೆರಳನ್ನು ಕೆಳಕ್ಕೆ ಕಳಿಸಿದೆ. ಕೆಳಗಿನ ರಿ, ಮೇಲೆ ಹಾರಿ ಕಾರ್ಡ್. ಕೆಳಗಿನ ಪ, ಕಾರ್ಡ್. ಕೆಳಗಿನ ಸ. ಇಪ್ಪತ್ತರ ವಯಸ್ಸಲ್ಲಿ ಸ್ಟ್ರೈಡ್ ಹುಚ್ಚು ಹತ್ತಿಸಿಕೊಂಡು ಸಾಧಕ ಮಾಡಿದ್ದೆ. ಬ್ಯಾಂಡ್ ಸಿಕ್ಕ ಮೇಲೆ ಬಿಟ್ಟುಬಿಟ್ಟಿದ್ದೆ. ಹಾರಿದ ಕೈ ನಾಲ್ಕರಲ್ಲಿ ಒಂದು ಸಲ ತಪ್ಪು ಕೀ ಮೇಲೆ ಬೀಳುತ್ತಿತ್ತು. ಮೂರನೇ ಹಾಡಿಗೆ ಮುಂಗೈ ಕಲ್ಲಾಯಿತು. ಆದರೆ ಮುಂದಿನ ಟೇಬಲ್ಲಿನಲ್ಲಿ ಮೊಬೈಲ್ ನೋಡುತ್ತಿದ್ದವರ ಕಾಲು ಅಲ್ಲಾಡಲು ಶುರುವಾಗಿತ್ತು.

ಒಂಬತ್ತೂಕಾಲಿಗೆ ಬೇಸ್‌ನವನು ಒದ್ದೆ ಪ್ಯಾಂಟಲ್ಲೇ ಬಂದು, ಹಾಡಿನ ಮಧ್ಯೆಯೇ ಸೇರಿಕೊಂಡ. ನನ್ನ ಕೈ ಮಾತ್ರ ಕೆಳಗಿನಿಂದ ಏಳಲಿಲ್ಲ. ಇಬ್ಬರ ದಪ್ಪ ಸ್ವರಗಳೂ ಒಂದರ ಮೇಲೊಂದು ಬಿದ್ದು ಬರೀ ಗೊಜ್ಜು. ಅವನು ಹತ್ತಿರ ಬಗ್ಗಿ, ನಗುತ್ತಲೇ, "ಲೋ, ಕೈ ಎತ್ತೋ, ನನ್ನ ಅನ್ನ ಅದು" ಅಂದ.

ಮುಂದಿನ ಮಂಗಳವಾರ ವೀಣೆ ಮೇಡಂಗೆ ನಡೆದದ್ದೆಲ್ಲ ಹೇಳಿದೆ. ಆ ದಿನ ಪಾಠ ಪೂರ್ತಿ ಸ್ಟ್ರೈಡ್ ಮೇಲೆ. ಅವರ ಎಡಗೈ ನಿಧಾನ, ಆದರೆ ತಾಳ ಕಲ್ಲಿನ ಹಾಗೆ. ನನಗಿಂತ ಕಡಿಮೆ ತಪ್ಪಿದರು ಅಂತ ಒಪ್ಪಿಕೊಳ್ಳಬೇಕು. ಎದ್ದು ಹೋಗುವಾಗ ಪರ್ಸ್ ತೆಗೆದು, ಅರ್ಧ ತೆಗೆದ ನೋಟುಗಳನ್ನು ಹಾಗೇ ಹಿಡಿದು ನಿಂತರು.

"ಮೇಷ್ಟ್ರೇ, ಲೆಕ್ಕದ ಪ್ರಕಾರ ಈ ತಿಂಗಳು ನೀವು ನನಗೆ ಕೊಡಬೇಕಲ್ವಾ?"

ತಗೊಂಡೆ. ಅವತ್ತು 5ನೇ ತಾರೀಖು, ಓನರ್ ಬೆಳಗ್ಗೆಯೇ ಒಂದು ಸಲ ಫೋನ್ ಮಾಡಿದ್ದರು.