ಮೊಟ್ಟೆ ಇಳಿಯಲೊಂದು ಗದ್ದೆ

ನಮ್ಮ ಕರಾವಳಿಯಲ್ಲಿ ರಾಕೆಟ್ ಮೇಲೇರುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಆಕಾಶ ಬೇಕಾದಷ್ಟಿದೆ. ಕೆಳಗಿಳಿಯುವುದಕ್ಕೇ ಜಾಗವಿಲ್ಲ. ನಂಬಿಕೆಯಾಗದಿದ್ದರೆ ಸುರತ್ಕಲ್‌ನಿಂದ ಕಾಪುವಿನವರೆಗೆ ಬಸ್ಸಿನ ಕಿಟಕಿ ಬದಿಯಲ್ಲಿ ಕುಳಿತು ನೋಡಿಕೊಂಡು ಹೋಗಿ. ತೆಂಗಿನ ತೋಟ, ಹಂಚಿನ ಮಾಡು, ವಿದ್ಯುತ್ ತಂತಿ, ಹೊಳೆ, ಇನ್ನೊಂದು ತೆಂಗಿನ ತೋಟ, ಮದುವೆ ಹಾಲ್. ಬರಿದಾದ ಜಾಗ ಕಂಡರೆ ಅಲ್ಲಿ ಲೇಔಟಿನ ಕಲ್ಲು ನೆಟ್ಟಿರುತ್ತಾರೆ.

ನಾನು ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್. ಲೇತ್, ವೆಲ್ಡಿಂಗ್, ಮರಗೆಲಸ ನನ್ನ ಸುಪರ್ದಿ. ರಾಕೆಟ್ ತಂಡದ ಮಕ್ಕಳು ಮೊದಲು ಬಂದದ್ದು ಮೂತಿ ಕಡೆದುಕೊಡಿ ಎಂದು ಕೇಳಲು. ಅವರ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಮೂತಿ ಭಾರವಾಗಿತ್ತು, ಪದರ ಪದರವಾಗಿ ಬಿಡುತ್ತಿತ್ತು. ಹಾಲೆ ಮರದ ತುಂಡು ಇತ್ತು. ಆಟಿ ಅಮಾವಾಸ್ಯೆಗೆ ತೊಗಟೆ ಕೆತ್ತಿ ಕಷಾಯ ಮಾಡುತ್ತೇವಲ್ಲ, ಅದೇ ಮರ. ಹಗುರ, ಮೆದು, ಲೇತಿನಲ್ಲಿ ಬೆಣ್ಣೆಯ ಹಾಗೆ ಬರುತ್ತದೆ. ಕಡೆದು ಕೊಟ್ಟೆ. ಮಾರನೆಯ ದಿನ ಉಡಾವಣಾ ಸರಳು ಬೇಕೆಂದು ಬಂದರು, ಅದರ ಮರುದಿನ ಜ್ವಾಲೆ ತಡೆಯುವ ಉಕ್ಕಿನ ತಟ್ಟೆ ಬೇಕೆಂದು. ಹೀಗೆ ಬರುತ್ತಾ ಬರುತ್ತಾ ಅಭ್ಯಾಸಕ್ಕೆ ಗದ್ದೆ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು. ತಂಡದ ನಾಯಕಿ ಬಜಪೆಯವಳು. ಅವಳ ವಾದ ಸರಳವಾಗಿತ್ತು: "ಸರ್, ಹಳ್ಳಿಯವರ ಹತ್ತಿರ ಮಾತಾಡಲು ನಿಮಗೆ ಬರುತ್ತದೆ, ನಮಗೆ ಬರುವುದಿಲ್ಲ."

ಸ್ಪರ್ಧೆ ಇರುವುದು ಹೊರರಾಜ್ಯದಲ್ಲಿ. ಒಂದು ಹಸಿ ಕೋಳಿಮೊಟ್ಟೆಯನ್ನು 250 ಮೀಟರ್ ಎತ್ತರಕ್ಕೆ ಒಯ್ದು, ಪ್ಯಾರಾಶೂಟಿನಲ್ಲಿ ಒಡೆಯದಂತೆ ಇಳಿಸಬೇಕು. ಎತ್ತರ ಹೆಚ್ಚಾದರೂ ಅಂಕ ಹೋಗುತ್ತದೆ, ಕಡಿಮೆಯಾದರೂ ಹೋಗುತ್ತದೆ. ಇಳಿಯುವ ಸಮಯಕ್ಕೂ ಮಿತಿಯಿದೆ. ಮದ್ದು ಉರಿಸಿ ರಾಕೆಟ್ಟನ್ನು ನೂಕುವ ಮೋಟಾರನ್ನು ಸ್ಪರ್ಧೆ ನಡೆಸುವವರೇ ಕಣದಲ್ಲಿ ಕೊಡುತ್ತಾರೆ. ಇದು ಒಳ್ಳೆಯದೇ ಆಯಿತು. ಮದ್ದು ಅರೆಯುವ ವಿಡಿಯೊ ನೋಡಿ ಪ್ರಯೋಗಾಲಯಕ್ಕೆ ನುಗ್ಗುವ ಹುಡುಗರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. 2008ರ ಸ್ಫೋಟಕ ನಿಯಮಾವಳಿಯ ಹೆಸರು ಹೇಳಿ ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತೇನೆ. ರೈಲಿನಲ್ಲಿ ಅಂಥದ್ದನ್ನು ಒಯ್ಯುವಂತೆಯೂ ಇಲ್ಲ.

ಮೋಟಾರಿನ ಲೆಕ್ಕ ಮಾತ್ರ ನನಗೆ ಬಹಳ ಹಿಡಿಸಿತು. ಪ್ರತಿ ಮೋಟಾರಿಗೂ ಒಂದು ಅಕ್ಷರ. ಎ ಎಂದರೆ ಒಟ್ಟು ನೂಕು (ಸರಾಸರಿ ಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು) 2.5 ನ್ಯೂಟನ್-ಸೆಕೆಂಡಿನವರೆಗೆ, ಬಿ 5ರವರೆಗೆ, ಸಿ 10ರವರೆಗೆ, ಒಂದೊಂದು ಅಕ್ಷರಕ್ಕೂ ಇಮ್ಮಡಿ. ನಮಗೆ ಸಿಗುವುದು ಎಫ್, ಅಂದರೆ 40ರಿಂದ 80ರ ನಡುವೆ. ಅಕ್ಷರದ ಪಕ್ಕದ ಅಂಕಿ ಸರಾಸರಿ ನೂಕು ಎಷ್ಟು ನ್ಯೂಟನ್ ಎಂದು ಹೇಳುತ್ತದೆ. ಅಡ್ಡಗೆರೆಯ ನಂತರದ ಅಂಕಿ, ಮದ್ದು ಉರಿದು ಮುಗಿದ ಮೇಲೆ ಎಷ್ಟು ಸೆಕೆಂಡಿಗೆ ಒಳಗಿನ ಪುಟ್ಟ ಸಿಡಿತ ಪ್ಯಾರಾಶೂಟನ್ನು ಹೊರದೂಡುತ್ತದೆ ಎಂದು. ಈ ಕೊನೆಯ ಅಂಕಿಯ ಮೇಲೆಯೇ ಮೊಟ್ಟೆಯ ಹಣೆಬರಹ. ಬೇಗ ಸಿಡಿದರೆ ವೇಗದಲ್ಲಿ ಹೋಗುತ್ತಿರುವಾಗಲೇ ಪ್ಯಾರಾಶೂಟ್ ಬಿಚ್ಚಿ ಹರಿಯುತ್ತದೆ, ತಡವಾದರೆ ರಾಕೆಟ್ ಆಗಲೇ ಮೂತಿ ಕೆಳಗೆ ಮಾಡಿರುತ್ತದೆ.

ಮೊಟ್ಟೆಯನ್ನು ಮೂತಿಯ ಹಿಂದೆಯೇ ಇಟ್ಟಿದ್ದಾರೆ. ಭಾರಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಅದಕ್ಕಿಂತ ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಹಿಂದಿರಬೇಕು, ಇಲ್ಲದಿದ್ದರೆ ರಾಕೆಟ್ ಮೇಲಕ್ಕೆ ಹೋಗದೆ ಗಿರಗಿರನೆ ಪಲ್ಟಿ ಹೊಡೆಯುತ್ತದೆ. ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ತೋರಿಸುತ್ತದೆ. ಆದರೂ ಹಗ್ಗ ಕಟ್ಟಿ ಬೀಸಿ ನೋಡುವ ಹಳೆಯ ಪರೀಕ್ಷೆಯನ್ನು ನಾನು ಬಿಡಿಸಲಿಲ್ಲ. ರಾಕೆಟ್ಟಿನ ಭಾರಕೇಂದ್ರಕ್ಕೆ ಹಗ್ಗ ಕಟ್ಟಿ ತಲೆಯ ಸುತ್ತ ಬೀಸಿದರೆ ಮೂತಿ ಮುಂದಾಗಿ ಹೋಗಬೇಕು. ವರ್ಕ್‌ಶಾಪಿನ ಅಂಗಳದಲ್ಲಿ ಕುಂದಾಪುರದ ಹುಡುಗ ಬೀಸುತ್ತಿದ್ದಾಗ ಆ ದಾರಿಯಲ್ಲಿ ಬಂದ ಪ್ರಾಂಶುಪಾಲರು ನಿಂತು ನೋಡಿ, ಏನೂ ಕೇಳದೆ ಹಿಂದಿರುಗಿದರು.

ಉಳಿದ ಸಾಮಗ್ರಿಯೆಲ್ಲ ಊರಿನದೇ. ಕೊಳವೆ ಎಂದರೆ ಜವಳಿ ಅಂಗಡಿಯಲ್ಲಿ ಬಟ್ಟೆ ಸುತ್ತಿಟ್ಟ ರಟ್ಟಿನ ಉರುಳೆ. ಪ್ಯಾರಾಶೂಟಿನ ದಾರ ಬಂದರಿನ ಬಲೆ ಅಂಗಡಿಯ ನೈಲಾನ್ ಹುರಿ. ದಾರಗಳು ಒಂದಕ್ಕೊಂದು ಹೊಸೆದುಕೊಳ್ಳದಂತೆ ನಡುವೆ ಹಾಕಿದ್ದು ಗಾಳದವರು ಬಳಸುವ ತಿರುಗುವ ಕೊಂಡಿ. ಪ್ಯಾರಾಶೂಟ್ ಒಂದು ಹೆಂಗಸರ ಕೊಡೆಯ ಬಟ್ಟೆ, ಗುಲಾಬಿ ಹೂವಿನದು. ಕಪ್ಪು ಕೊಡೆ ಧಾರಾಳವಾಗಿ ಸಿಗುತ್ತಿತ್ತು, ಆದರೆ ತೋಟದ ನಡುವೆ ಬಿದ್ದರೆ ಹುಡುಕುವವರಿಗೆ ಕಣ್ಣಿಗೆ ಬೀಳಬೇಕಲ್ಲ. ಕೊಡೆಯ ಬಟ್ಟೆಯಲ್ಲಿ ಒಂದು ಲಾಭವಿದೆ: ಕೋಲು ಹಾಯುವ ತೂತು ನಡುವೆ ಮೊದಲೇ ಇರುತ್ತದೆ. ಒಳಗೆ ತುಂಬಿದ ಗಾಳಿ ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಹೊರಹೋದರೆ ಪ್ಯಾರಾಶೂಟ್ ತೂಗಾಡುವುದು ಕಡಿಮೆಯಾಗುತ್ತದೆ. ಕೊಡೆ ರಿಪೇರಿಯವರು ಅಂಚು ಮಡಚಿ ಹೊಲಿದುಕೊಟ್ಟರು. ಮಳೆಗಾಲಕ್ಕೆ ಮುಂಚೆ ಕೇಳಿದ್ದರೆ ಖಂಡಿತ ಆಗುತ್ತಿರಲಿಲ್ಲ ಎಂದರು. ಮೇ ತಿಂಗಳಿನಲ್ಲಿ ಅವರ ಮುಂದಿನ ಸಾಲು ನೋಡಿದವರಿಗೆ ಗೊತ್ತು.

ಮಳೆ ಎಂದ ಮೇಲೆ ಹೇಳಲೇಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ರಟ್ಟು, ಮರ, ದಾರ ಎಲ್ಲವೂ ನೀರು ಕುಡಿಯುತ್ತವೆ. ಮೂತಿ ಕೊಳವೆಯೊಳಗೆ ಹದವಾಗಿ ಕೂರಬೇಕು. ಮೂತಿ ಹಿಡಿದು ಎತ್ತಿದರೆ ರಾಕೆಟ್ ಜೊತೆಗೆ ಏಳಬೇಕು, ಸ್ವಲ್ಪ ಅಲುಗಿಸಿದರೆ ಕಳಚಬೇಕು. ಆಗಸ್ಟಿನಲ್ಲಿ ಅದು ಕಚ್ಚಿ ಕುಳಿತು ಬರಲೇ ಇಲ್ಲ. ಮರಳು ಕಾಗದದಲ್ಲಿ ಉಜ್ಜಬೇಡಿ, ವಾರ್ನಿಷ್ ಹಚ್ಚಿ ಒಣಗಿಸಿ ಕಾಯಿರಿ ಎಂದೆ. ಆಗಸ್ಟಿಗೆ ಸರಿಯಾಗುವಂತೆ ಉಜ್ಜಿದ್ದು ಡಿಸೆಂಬರಿನ ಒಣಹವೆಗೆ ಸಡಿಲವಾಗುತ್ತದೆ, ಸ್ಪರ್ಧೆ ನಡೆಯುವ ಕಡೆ ಇನ್ನೂ ಸಡಿಲ. ಸಡಿಲವಾದರೆ ಮಾಸ್ಕಿಂಗ್ ಟೇಪನ್ನು ಒಂದು ಸುತ್ತು ಹೆಚ್ಚು ಸುತ್ತಬಹುದು. ಮಡಚಿಟ್ಟ ಪ್ಯಾರಾಶೂಟೂ ತೇವಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಮಗುವಿಗೆ ಹಾಕುವ ಪೌಡರ್ ಉದುರಿಸುತ್ತಾರೆ. ರಾಕೆಟ್ ಹಾರಿಸುವವರು ಎಲ್ಲೆಡೆ ಮಾಡುವುದು ಇದನ್ನೇ ಅಂತೆ. ಈಗ ನಮ್ಮ ಉಪಕರಣದ ಪೆಟ್ಟಿಗೆ ತೆರೆದರೆ ಬಾಣಂತಿ ಕೋಣೆಯ ವಾಸನೆ ಬರುತ್ತದೆ.

ಇನ್ನು ಗದ್ದೆಯ ವಿಷಯ. ನಾಯಕಿ ಬೋರ್ಡಿನ ಮೇಲೆ ಬರೆದ ಲೆಕ್ಕ ನೋಡಿ ನನಗೆ ದಿಗಿಲಾಯಿತು. ಇಳಿಯುವಾಗ ರಾಕೆಟ್ಟಿನ ತೂಕ ಸುಮಾರು 600 ಗ್ರಾಂ. ಸೆಕೆಂಡಿಗೆ 5 ಮೀಟರಿನಂತೆ ಇಳಿಯಬೇಕಾದರೆ ಪ್ಯಾರಾಶೂಟ್ ಸುಮಾರು 80 ಸೆಂಟಿಮೀಟರ್ ಅಗಲ ಬೇಕು. 250 ಮೀಟರ್ ಇಳಿಯಲು 50 ಸೆಕೆಂಡು. ಅಷ್ಟು ಹೊತ್ತು ಗಾಳಿಯೂ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದರೆ ಅದು ಬೀಳುವುದು 250 ಮೀಟರ್ ಆಚೆ. ಗಾಳಿ 8 ಮೀಟರ್ ಆದರೆ 400 ಮೀಟರ್. ಗಾಳಿ ಯಾವ ಕಡೆಗೆ ಎಂಬುದು ಖಚಿತವಿಲ್ಲದಿದ್ದರೆ ಸುತ್ತಲೂ ಅಷ್ಟು ಬಯಲು ಬೇಕು.

ಗಾಳಿಯ ದಿಕ್ಕನ್ನು ಹವಾಮಾನದ ಆ್ಯಪಿನಲ್ಲಿ ನೋಡುತ್ತಿದ್ದರು. ಹೆಜಮಾಡಿಯಲ್ಲಿ ನಾಡದೋಣಿಯಲ್ಲಿ ದುಡಿದ ನನ್ನ ಭಾವನವರ ಬಳಿ ಕರೆದುಕೊಂಡು ಹೋದೆ. ಮಳೆಗಾಲ ಕಳೆದ ಮೇಲೆ ಬೆಳಗಿನ ಜಾವ ಮೂಡುಗಾಳಿ, ನೆಲದಿಂದ ಕಡಲಿಗೆ. ಬಿಸಿಲೇರಿದ ಮೇಲೆ ಅದು ಸತ್ತು, ಸ್ವಲ್ಪ ಹೊತ್ತು ಎಲೆ ಅಲುಗುವುದಿಲ್ಲ. ಆಮೇಲೆ ಪಡುಗಾಳಿ ಎದ್ದು ಸಂಜೆಯವರೆಗೆ ಬಲಿಯುತ್ತದೆ. ಹಾಯಿಯ ಕಾಲದಲ್ಲಿ ಒಂದು ಗಾಳಿ ಹಿಡಿದು ಹೋಗಿ ಇನ್ನೊಂದು ಗಾಳಿ ಹಿಡಿದು ಬರುತ್ತಿದ್ದರು ಎಂದರು ಭಾವ. ಮಕ್ಕಳಿಗೆ ಬೇಕಾದದ್ದು ನಡುವಿನ ಆ ಸ್ವಲ್ಪ ಹೊತ್ತು. ಇದರ ಜೊತೆಗೆ ರಾಕೆಟ್ಟಿಗೆ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುವ ಚಾಳಿ ಬೇರೆ ಇದೆ, ಬಾಲ ದೊಡ್ಡದಾದಷ್ಟೂ ಹೆಚ್ಚು. ಮಧ್ಯಾಹ್ನ ಹಾರಿಸಿದರೆ ಕಡಲಿನ ಕಡೆ ವಾಲಿಕೊಂಡು ಏರಿ, ಪ್ಯಾರಾಶೂಟ್ ಬಿಚ್ಚಿದ ಮೇಲೆ ಮೂಡಣಕ್ಕೆ ತೇಲಿ ಬರುತ್ತದೆ. ಬೆಳಗ್ಗೆ ಕಡಲ ದಂಡೆಯಲ್ಲಿ ಹಾರಿಸಿದರೆ ಮೊಟ್ಟೆ ಮೀನಿನ ಪಾಲು. ಪಣಂಬೂರಿನ ಮರಳಿನಲ್ಲಿ ಗಾಳಿಪಟ ಉತ್ಸವ ನಡೆದಿತ್ತಲ್ಲ, ಅಲ್ಲೇ ಹಾರಿಸಿ ಎಂದು ಸಲಹೆ ಕೊಟ್ಟವರು ಬಹಳ ಮಂದಿ. ಗಾಳಿಪಟಕ್ಕೆ ನೂಲಿದೆ.

ಕಾಲೇಜಿನ ಸಭೆಯಲ್ಲಿ ಅತಿಥಿಯೊಬ್ಬರು ಅದಮಾರಿನ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಅವರನ್ನು, 1975ರ ಆರ್ಯಭಟ ಉಪಗ್ರಹವನ್ನು ನೆನೆದು, ನಮ್ಮ ಕರಾವಳಿಗೊಂದು ರಾಕೆಟ್ ಕೇಂದ್ರ ಏಕಿಲ್ಲ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದರು. ಉತ್ತರ ಭೂಪಟದಲ್ಲೇ ಇದೆ. ಭೂಮಿ ತಿರುಗುವ ವೇಗದ ಲಾಭ ಸಿಗಲಿ ಎಂದು ಉಪಗ್ರಹದ ರಾಕೆಟ್ಟುಗಳನ್ನು ಸಾಮಾನ್ಯವಾಗಿ ಪೂರ್ವಕ್ಕೆ ಹಾರಿಸುತ್ತಾರೆ. ಶ್ರೀಹರಿಕೋಟಾದಿಂದ ಪೂರ್ವಕ್ಕೆ ಬಂಗಾಳ ಕೊಲ್ಲಿ, ಉರಿದ ಹಂತಗಳು ನೀರಿಗೆ ಬೀಳುತ್ತವೆ. ನಮ್ಮಿಂದ ಪೂರ್ವಕ್ಕೆ ಘಟ್ಟ, ಅದರಾಚೆ ಹಾಸನ, ಬೆಂಗಳೂರು. ಪಶ್ಚಿಮ ಕರಾವಳಿಯಲ್ಲೇ ಇರುವ ಕೇರಳದ ತುಂಬಾ ಎಂಬ ಊರಿನಿಂದ 1963ರ ನವೆಂಬರ್ 21ರಂದು ಹಾರಿದ್ದು ಹವೆಯ ಅಧ್ಯಯನದ ರಾಕೆಟ್, ಕಕ್ಷೆಗೆ ಹೋಗುವುದಾಗಿರಲಿಲ್ಲ. ಆ ಜಾಗವನ್ನು ಆರಿಸಿದ್ದು ಅದು ಭೂಕಾಂತೀಯ ಸಮಭಾಜಕಕ್ಕೆ, ಅಂದರೆ ಭೂಮಿಯ ಕಾಂತಬಲದ ರೇಖೆಗಳು ನೆಲಕ್ಕೆ ಸಮಾಂತರವಾಗಿ ಹಾಯುವ ಕಡೆಗೆ, ಹತ್ತಿರವೆಂದು. ಅಲ್ಲೂ ಮೀನುಗಾರರು ಮನೆ ಬಿಟ್ಟುಕೊಟ್ಟು, ಇಗರ್ಜಿಯೇ ಕಚೇರಿಯಾಗಬೇಕಾಯಿತು. ರಾಕೆಟ್ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಮೊದಲು ಯಾರದೋ ಮನೆಯ ಅಂಗಳದಲ್ಲಿ ನಿಂತು ಮಾತಾಡಲೇಬೇಕು.

ನಾನು ಹಾಗೆಯೇ ಮಾತಾಡುತ್ತಾ ತಿರುಗಿದೆ. ಮುರಕಲ್ಲಿನ ಪದವುಗಳು, ಅಂದರೆ ಎತ್ತರದ ಬಯಲುಗಳು, ನೋಡಲು ವಿಶಾಲ, ಆದರೆ ಮಳೆ ನಿಂತ ಮೇಲೆ ಅಲ್ಲಿ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ನಾವು ಹಾರಿಸುವುದು ನಿಜವಾದ ಮೋಟಾರ್ ಅಲ್ಲದಿದ್ದರೂ ಅಭ್ಯಾಸವನ್ನು ಒಣಹುಲ್ಲಿನ ಮೇಲೆ ಕಲಿಸಬಾರದು. ಒಬ್ಬ ಹಿರಿಯರು ಪೂರ್ತಿ ಕೇಳಿಸಿಕೊಂಡು, "ಮಾಷ್ಟ್ರೇ, ಜಾತ್ರೆಯಲ್ಲಿ ಗರ್ನಾಲು ಪಟಾಕಿ ಸಿಡಿಸುವವರು ಲೈಸೆನ್ಸ್ ತೋರಿಸುತ್ತಾರೆ, ನಿಮ್ಮದು ಎಲ್ಲಿ?" ಎಂದರು. ಸದ್ಯಕ್ಕೆ ನಾವು ಹಾರಿಸುವುದು ನೀರಿನ ರಾಕೆಟ್ಟು, ಸೈಕಲ್ ಪಂಪಿನ ಗಾಳಿ ಎಂದು ವಿವರಿಸಿದೆ. ಅವರಿಗೆ ನಿರಾಸೆಯಾದಂತೆ ಕಂಡಿತು.

ಕೊನೆಗೆ ಪಲಿಮಾರು ಕಡೆಯ ಅಕ್ಕ ಒಬ್ಬರು ಒಪ್ಪಿದರು. ಅವರದು ಬೆಟ್ಟು ಗದ್ದೆ, ಎತ್ತರದ ಜಾಗದ್ದು. ಏಣಿಲು, ಅಂದರೆ ಮಳೆಗಾಲದ ಭತ್ತದ ಬೆಳೆ ಕೊಯ್ದ ಮೇಲೆ ಉದ್ದು ಬಿತ್ತುವವರೆಗೆ ಖಾಲಿ. ಪಕ್ಕದ ಮೂವರ ಗದ್ದೆ ಸೇರಿದರೆ ಉದ್ದ ಸಾಕಾಗುತ್ತದೆ, ಅಗಲ ಸಾಲದು, ಪೂರ್ವದಂಚಿನಲ್ಲಿ ಅಡಿಕೆ ತೋಟ. ಅಲ್ಲಿ ಈಗ ಶನಿವಾರಗಳಂದು ನೀರಿನ ರಾಕೆಟ್ ಏರುತ್ತಿದೆ, ಮದುವೆಯ ವಿಡಿಯೊ ತೆಗೆಯುವ ಹುಡುಗನ ಡ್ರೋನಿನಿಂದ ಕೊಡೆಬಟ್ಟೆಯ ಪ್ಯಾರಾಶೂಟ್ ಇಳಿಯುತ್ತಿದೆ. ಈ ಗದ್ದೆ ಬಜಪೆಯ ವಿಮಾನ ನಿಲ್ದಾಣದಿಂದ ಸಾಕಷ್ಟು ದೂರ ಎಂಬುದೂ ಒಂದು ಸಮಾಧಾನ. ನಿಲ್ದಾಣದ ಆವರಣದಿಂದ 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿಗಿಂತ ಮೇಲೆ ಡ್ರೋನ್ ಹಾರಿಸಲು ಅನುಮತಿ ಬೇಕು, ಇನ್ನೂ ಹತ್ತಿರ ಹೋದರೆ ಕಟ್ಟುಪಾಡು ಇನ್ನೂ ಬಿಗಿ. ರಾಕೆಟ್ಟಿನೊಳಗಿನ ಒತ್ತಡಮಾಪಕ ಎತ್ತರವನ್ನು ಬರೆದುಕೊಳ್ಳುತ್ತದೆ. ಕಡಲಮಟ್ಟದ ಹತ್ತಿರ ಸುಮಾರು ಎಂಟೂವರೆ ಮೀಟರ್ ಏರಿದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಕಡಿಮೆ. ಕೊಳವೆಗೆ ಸಣ್ಣ ತೂತುಗಳಿಲ್ಲದಿದ್ದರೆ ಒಳಗಿನ ಗಾಳಿಗೆ ಹೊರಗಿನ ಸುದ್ದಿ ತಡವಾಗಿ ಮುಟ್ಟಿ ಅಂಕಿ ಸುಳ್ಳಾಗುತ್ತದೆ.

ಮೊಟ್ಟೆ ಇದುವರೆಗೆ ಒಡೆದಿರುವುದು ಅಡಿಕೆ ಮರಕ್ಕೆ ಬಡಿದಾಗ ಮಾತ್ರ. ಅಕ್ಕನ ಷರತ್ತುಗಳು ಇವು: ಹುಣಿ (ಗದ್ದೆಯ ಬದು) ತುಳಿದು ಕೆಡಿಸಬಾರದು, ಹಸು ಕಟ್ಟಿದ ಕಡೆಗೆ ಓಡಬಾರದು, ತಂದ ಮೊಟ್ಟೆಗಳಲ್ಲಿ ಒಡೆಯದೆ ಉಳಿದದ್ದು ಅವರಿಗೆ. ಉದ್ದು ಬಿತ್ತುವ ದಿನ ಹತ್ತಿರ ಬರುತ್ತಿದೆ, ಅವರು ನಮಗಾಗಿ ಮುಂದೂಡುವುದಿಲ್ಲ, ಮುಂದೂಡಲೂ ಬಾರದು. ಮೂಲ್ಕಿಯಿಂದ ಕಟಪಾಡಿಯವರೆಗೆ ಎಲ್ಲಾದರೂ ಪಡು-ಮೂಡು 400 ಮೀಟರ್ ಉದ್ದದ, ಮೇಲೆ ತಂತಿ ಹಾಯದ ಗದ್ದೆ ನಿಮ್ಮ ಕೈಯಲ್ಲಿದ್ದರೆ ತಿಳಿಸಿ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಸಾಕು. ಮೊಟ್ಟೆಯ ಷರತ್ತು ನಿಮಗೂ ಅನ್ವಯಿಸುತ್ತದೆ.