ಆಫ್ ಇದೆ ಅಂದವರು ಯಾರು?

"ಲೈನ್ ಆಫ್ ಇದೆ ಅಂತ ನಿಮಗೆ ಹೇಳಿದ್ದು ಯಾರು ಹೆಗಡೇರೇ?"

ಈ ವಾರವಿಡೀ ತಲೆಯಲ್ಲಿ ಇದೇ ಮಾತು. ಗಾಳಿಮಳೆಗೆ ಅಕೇಶಿಯಾ ಮರ ಲೈನಿನ ಮೇಲೆ ಬಿದ್ದಿತ್ತು. ಶರಾವತಿ ನೀರು ಕೊಟ್ಟು ನಾಡಿಗೆಲ್ಲ ಬೆಳಕು ಕಳಿಸುವ ಸೀಮೆ ನಮ್ಮದು, ಮಳೆಗಾಲ ಬಂದರೆ ನಮಗೆ ಮೋಂಬತ್ತಿಯೇ ಗತಿ.

ಬಂದ ಲೈನ್‌ಮನ್ ಕಂಬ ಹತ್ತುವ ಲಕ್ಷಣವೇ ಇಲ್ಲ. ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿ ಕೆಲಸ ಮಾಡಲು ಅನುಮತಿ, ತಗೊಂಡ, ನಂಬರ್ ಬರೆದುಕೊಂಡ, ನಡೆದುಹೋಗಿ ಸ್ವಿಚ್ ಎಳೆದು ಬಂದ. ಹೆಗಡೇರಿಗೆ ತಾಳ್ಮೆ ಕಡಿಮೆ, ಅಡಿಕೆ ಮಂಡಿಯಲ್ಲೂ ಹಾಗೇ. "ಊರಿಗೇ ಕರೆಂಟಿಲ್ಲ, ಹತ್ತೋಕೇನೋ ನಿನಗೆ?" ಎಂದು ಗದರಿದರು. ಆಗ ಆ ಹುಡುಗ ಕೇಳಿದ ಮಾತು ಅದು. ದನಿ ಏರಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ವೈರಿನ ಒಂದು ತುದಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಸರಳಿಗೆ ಬಿಗಿದ. ಎಲ್ಲಿಂದಾದರೂ ಕರೆಂಟ್ ನುಗ್ಗಿದರೆ ನೆಲಕ್ಕೆ ಹೋಗಲಿ ಎಂದು ಉದ್ದ ಕೋಲಿನ ಕೊಕ್ಕೆಗಳನ್ನು ಒಂದೊಂದಾಗಿ ಮೂರೂ ತಂತಿಗೆ ಸಿಕ್ಕಿಸಿದ. ಆಮೇಲೇ ಏಣಿಗೆ ಕಾಲಿಟ್ಟ.

ತಮಾಷೆಯೆಂದರೆ ಅಷ್ಟು ಹೊತ್ತೂ ಹೆಗಡೇರ ಹಿತ್ತಲಲ್ಲೇ ಜನರೇಟರ್ ಗುರುಗುಡುತ್ತಿತ್ತು! ಹೊರಗಿನ ಲೈನನ್ನು ಮನೆಯಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆ ವೈರಿಂಗಿಗೆ ಜೋಡಿಸಿದರೆ ಆ 230 ವೋಲ್ಟ್ ಟಿಸಿಗೆ (ಊರಿನ ಟ್ರಾನ್ಸ್‌ಫಾರ್ಮರಿಗೆ) ಹಿಂಬದಿಯಿಂದ ನುಗ್ಗಿ, ಆಚೆಯ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಕಂಬದ ಮೇಲಿರುವವನು ಉಳಿಯುವುದಿಲ್ಲ.

2012ರ ಜುಲೈ 30ರ ನಸುಕಿನಲ್ಲಿ ಉತ್ತರ ಭಾರತ ಕತ್ತಲಾದದ್ದು ಇದಕ್ಕೆ ತಿರುವುಮುರುವು. ಕೆಲವು ಲೈನುಗಳು ಬಂದ್ ಆಗಿದ್ದರಿಂದ ಬೀನಾ–ಗ್ವಾಲಿಯರ್ 400 ಕೆವಿ ಲೈನಿನ ಮೇಲೆ ವಿಪರೀತ ಹೊರೆ ಬಿದ್ದಿತ್ತು. ಲೈನಿನಲ್ಲಿ ದೋಷವೇನೂ ಇರಲಿಲ್ಲ. ದೋಷ ಕಂಡರೆ ಲೈನ್ ಕಡಿಯಲೆಂದು ಕಾವಲಿಗಿದ್ದ ರಿಲೇ ಎಂಬ ಉಪಕರಣ ಆ ಹೊರೆಯನ್ನೇ ಶಾರ್ಟ್ ಸರ್ಕ್ಯೂಟ್ ಎಂದು ಬಗೆದು ಲೈನನ್ನು ಕಡಿದುಬಿಟ್ಟಿತು. ಭಾರ ಉಳಿದ ಲೈನುಗಳಿಗೆ ವರ್ಗವಾಗಿ ಅವೂ ಸಾಲುಸಾಲಾಗಿ ಟ್ರಿಪ್ ಆದವು. ಮರುದಿನ ಮಧ್ಯಾಹ್ನ ಅದೇ ಲೈನಿನಿಂದ ಮತ್ತೆ ಶುರು. ಪೂರ್ವ, ಈಶಾನ್ಯವೂ ಸೇರಿ 60 ಕೋಟಿ ಜನರಿಗೆ ಕರೆಂಟಿಲ್ಲ. ಅಷ್ಟು ದೊಡ್ಡ ಯಂತ್ರವ್ಯವಸ್ಥೆಗೆ ನಮ್ಮ ಲೈನ್‌ಮನ್‌ನಷ್ಟು ಅನುಮಾನ ಇದ್ದಿದ್ದರೆ!

ದಕ್ಷಿಣದ ನಾವು ಆಗ ಪಾರಾದೆವು. ಅವರ ಗ್ರಿಡ್ಡಿಗೆ, ಅಂದರೆ ವಿದ್ಯುತ್ ಜಾಲಕ್ಕೆ, ನಮ್ಮದು ಮುಖ್ಯವಾಗಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಲೈನುಗಳಿಂದಷ್ಟೇ ಸೇರಿತ್ತು, ಅಲ್ಲಿನ ಏರಿಳಿತ ಇಲ್ಲಿಗೆ ನೇರ ದಾಟುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ದೇಶಕ್ಕೆಲ್ಲ ಒಂದೇ ಗ್ರಿಡ್, ಕರೆಂಟಿಗೆ ಒಂದೇ ತಾಳ: 50 ಹರ್ಟ್ಸ್. ಕೊರತೆಯಾದರೆ ಅವರು ಕೊಡುತ್ತಾರೆ, ಎಡವಿದರೆ ನಮಗೂ ಏಟು.

ಇದನ್ನೆಲ್ಲ ಹೆಗಡೇರಿಗೆ ವಿವರಿಸಿದೆ. ಪೂರ್ತಿ ಕೇಳಿ, ಕವಳ ಉಗಿದು ಬಂದು ಅಂದರು: "ಗ್ವಾಲಿಯರ್‌ಗೂ ನನ್ನ ಪಂಪ್‌ಸೆಟ್ಟಿಗೂ ಎಂಥ ಸಂಬಂಧ ಮಾರಾಯಾ?"